ಲೆವೆಲ್ ಆಫ್ ಕೇರ್: ನರ್ಸಿಂಗ್ ಹೋಮ್ ಮಟ್ಟದ ಆರೈಕೆ ಯಾರಿಗೆ ಬೇಕು ಎಂದು ನೋಡುವ ಬಗೆ

ನರ್ಸಿಂಗ್ ಫೆಸಿಲಿಟಿ ಲೆವೆಲ್ ಆಫ್ ಕೇರ್ ಎನ್ನುವುದು ಅಮೆರಿಕದಲ್ಲಿ ಕಡಿಮೆ ಆದಾಯದವರಿಗಿರುವ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನವರು ಬಳಸುವ ಅಳತೆ. ಒಬ್ಬರಿಗೆ ನರ್ಸಿಂಗ್ ಹೋಮಿನಲ್ಲಿ ಸಿಗುವಷ್ಟು ಆರೈಕೆ ನಿಜಕ್ಕೂ ಬೇಕಾಗಿದೆಯೇ ಎಂಬುದನ್ನು ಇದರಿಂದ ತೀರ್ಮಾನಿಸುತ್ತಾರೆ. ಬೇಕು ಎಂದಾಗಿ, ಆದಾಯ ಮತ್ತು ಆಸ್ತಿಯ ಷರತ್ತುಗಳೂ ಹೊಂದಿದರೆ, ಆ ಖರ್ಚನ್ನು ಯೋಜನೆ ಹೊರುತ್ತದೆ. ವಯಸ್ಸಾದ ತಂದೆತಾಯಿಯನ್ನು ಅಲ್ಲಿ ಜೊತೆಗಿಟ್ಟುಕೊಂಡಿರುವ ಕನ್ನಡದ ಮನೆಗಳಿಗೆ ಈ ಪದದ ಪರಿಚಯ ಸಾಮಾನ್ಯವಾಗಿ ತಡವಾಗಿಯೇ ಆಗುತ್ತದೆ. ಅಮ್ಮ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಅಥವಾ ಅಪ್ಪನ ಮರೆವು ಕೈಮೀರಿದ ಮೇಲೆ, ಆಸ್ಪತ್ರೆಯ ಸೋಶಿಯಲ್ ವರ್ಕರ್ ಬಾಯಿಂದ ಮೊದಲ ಸಲ ಕೇಳುತ್ತಾರೆ. ಗಾಬರಿಯ ಆ ಹೊತ್ತಿನಲ್ಲಿ ಯಾವುದೂ ತಲೆಗೆ ಹೋಗುವುದಿಲ್ಲ. ಆದ್ದರಿಂದ ಮೊದಲೇ ತಿಳಿದಿರುವುದು ಒಳ್ಳೆಯದು.

ಕರ್ನಾಟಕದಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆಗೋ ಆಪರೇಷನ್ನಿಗೋ ಸೇರುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ಹಗಲು ರಾತ್ರಿ ಸಹಾಯಕರು ಇರುವ, ಜನ ವರ್ಷಗಟ್ಟಲೆ ವಾಸ ಮಾಡುವ ಜಾಗ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳಬೇಕು. ಮುಖ್ಯವಾಗಿ 65 ದಾಟಿದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಬೇರೆ, ಮೆಡಿಕೇಡ್ ಬೇರೆ. ಕನಿಷ್ಠ ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು, ಆಮೇಲೂ ದಿನನಿತ್ಯ ನರ್ಸ್ ಅಥವಾ ಥೆರಪಿಸ್ಟ್ ಕೈಯಿಂದಲೇ ಆಗಬೇಕಾದ ಚಿಕಿತ್ಸೆ ಇದ್ದರೆ ಮಾತ್ರ ಮೆಡಿಕೇರ್ ಇಂಥ ಜಾಗಕ್ಕೆ ಹಣ ಕೊಡುತ್ತದೆ. ಅದೂ ಹೆಚ್ಚೆಂದರೆ 100 ದಿನ. 20 ದಿನದ ನಂತರ ದಿನಕ್ಕಿಷ್ಟು ಎಂದು ಕೈಯಿಂದ ಕೊಡಬೇಕು. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ರಾತ್ರಿ ಎಬ್ಬಿಸಿ ಶೌಚಕ್ಕೆ ಕರೆದೊಯ್ಯುವುದು ಮಾತ್ರವೇ ಬೇಕಾಗಿದ್ದರೆ ಮೆಡಿಕೇರ್ ಕೈ ಎತ್ತಿಬಿಡುತ್ತದೆ. ಕೊನೆತನಕ ಅಂಥ ಆರೈಕೆಯ ಖರ್ಚು ಹೊರುವುದು 1965ರಲ್ಲಿ ಶುರುವಾದ ಮೆಡಿಕೇಡ್, ಮತ್ತು ಲೆವೆಲ್ ಆಫ್ ಕೇರ್ ಅದರ ಬಾಗಿಲಲ್ಲಿ ನಡೆಯುವ ತಪಾಸಣೆ.

ಈ ತಪಾಸಣೆ ನೋಡುವುದು ರೋಗದ ಹೆಸರನ್ನಲ್ಲ, ಇದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಪಾರ್ಕಿನ್ಸನ್ ಇದೆ, ಸಕ್ಕರೆ ಕಾಯಿಲೆ ಇದೆ, ಎರಡು ಸ್ಟೆಂಟ್ ಹಾಕಿದ್ದಾರೆ ಎಂದು ಫೈಲು ತುಂಬ ರಿಪೋರ್ಟ್ ಇಟ್ಟರೂ ಅಷ್ಟರಿಂದಲೇ ಅರ್ಹತೆ ಬರುವುದಿಲ್ಲ. ಏಳುವುದು, ಕೂರುವುದು, ಉಣ್ಣುವುದು, ಬಚ್ಚಲಿಗೆ ಹೋಗಿ ಬರುವುದು, ಇಂಥ ನಿತ್ಯದ ಕೆಲಸಗಳಲ್ಲಿ ಇನ್ನೊಬ್ಬರ ಕೈ ಎಷ್ಟು ಬೇಕು ಎಂಬುದೇ ಮುಖ್ಯ ಪ್ರಶ್ನೆ. ಹೀಗೆ ಅಳೆಯುವ ಕ್ರಮಕ್ಕೆ ಬುನಾದಿ ಹಾಕಿದವರು ಸಿಡ್ನಿ ಕ್ಯಾಟ್ಜ್ ಎಂಬ ವೈದ್ಯರು. ಕ್ಲೀವ್‌ಲ್ಯಾಂಡಿನ ಬೆಂಜಮಿನ್ ರೋಸ್ ಆಸ್ಪತ್ರೆಯಲ್ಲಿ ಸೊಂಟ ಮುರಿದ ಮುದುಕರನ್ನು ವರ್ಷಗಟ್ಟಲೆ ಗಮನಿಸಿ, ಅವರೂ ಜೊತೆಗಾರರೂ 1963ರಲ್ಲಿ ಆರು ಕೆಲಸಗಳ ಪಟ್ಟಿ ಪ್ರಕಟಿಸಿದರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚ, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಚೇತರಿಸಿಕೊಳ್ಳುವ ರೋಗಿಗೆ ಈ ಶಕ್ತಿಗಳು ಮರಳುವ ಕ್ರಮವು ಮಗು ಅವನ್ನು ಕಲಿಯುವ ಕ್ರಮವನ್ನೇ ಹೋಲುತ್ತದೆ ಎಂದೂ ಅವರು ಗುರುತಿಸಿದರು. ಅಡುಗೆ, ಹಣದ ಲೆಕ್ಕ, ಫೋನು, ಮಾತ್ರೆ ತೆಗೆದುಕೊಳ್ಳುವುದು ಮುಂತಾದವುಗಳ ಎರಡನೇ ಪಟ್ಟಿ 1969ರಲ್ಲಿ ಲಾಟನ್ ಮತ್ತು ಬ್ರೋಡಿ ಅವರಿಂದ ಬಂತು. ಇವತ್ತಿನ ಬಹುತೇಕ ಫಾರಂಗಳು ಈ ಎರಡು ಪಟ್ಟಿಗಳ ಮಕ್ಕಳು ಮೊಮ್ಮಕ್ಕಳೇ.

ಆದರೆ ಅಮೆರಿಕ ಪೂರ್ತಿಗೆ ಒಂದೇ ಫಾರಂ ಇಲ್ಲ. ಗೆರೆ ಎಲ್ಲಿ ಎಳೆಯಬೇಕು ಎಂಬುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಇಲಿನಾಯ್‌ನಲ್ಲಿ ಡಿಟರ್ಮಿನೇಷನ್ ಆಫ್ ನೀಡ್ ಎಂಬ ಅಂಕಪಟ್ಟಿ ಇದೆ, 29 ಅಂಕ ಬರಬೇಕು, ಅಡುಗೆ, ಬಟ್ಟೆ ಒಗೆಯುವುದು ಕೂಡ ಅದರಲ್ಲಿ ಸೇರುತ್ತವೆ. ಫ್ಲಾರಿಡಾದಲ್ಲಿ ಕೇರ್ಸ್ ಎಂಬ ಸರ್ಕಾರಿ ತಂಡ ಬಂದು ನೋಡುತ್ತದೆ. ಟೆಕ್ಸಸ್‌ನಲ್ಲಿ ಇದನ್ನು ಮೆಡಿಕಲ್ ನೆಸೆಸಿಟಿ ಅನ್ನುತ್ತಾರೆ. ಹೀಗಾಗಿ ಇಲಿನಾಯ್‌ನ ಶಿಕಾಗೋದಲ್ಲಿರುವ ಅಕ್ಕನ ಅನುಭವವನ್ನು ನಂಬಿಕೊಂಡು ಮಿಶಿಗನ್‌ನ ಡೆಟ್ರಾಯಿಟ್‌ನಲ್ಲಿರುವ ತಮ್ಮನು ಅರ್ಜಿ ಹಾಕಿದರೆ ಲೆಕ್ಕ ತಪ್ಪುತ್ತದೆ.

ಒಂದು ರಾಜ್ಯದ ಕ್ರಮವನ್ನು ಹತ್ತಿರದಿಂದ ನೋಡಿದರೆ ಉಳಿದವುಗಳ ದಾರಿಯೂ ತಿಳಿಯುತ್ತದೆ. ಮಿಶಿಗನ್ ತೆಗೆದುಕೊಳ್ಳೋಣ. ಅಲ್ಲಿನ ಫಾರಂನಲ್ಲಿ ಮುಖ್ಯವಾಗಿ ಏಳು ಭಾಗಗಳಿವೆ, ಅವನ್ನು ಡೋರ್ ಎಂದೇ ಕರೆಯುತ್ತಾರೆ. ಯಾವುದಾದರೂ ಒಂದು ಬಾಗಿಲಿನಿಂದ ಒಳಗೆ ಹೋದರೆ ಸಾಕು. ಒಂದನೆಯದು ನಿತ್ಯದ ಕೆಲಸಗಳದ್ದು, ಎರಡನೆಯದು ನೆನಪು ಮತ್ತು ತಿಳಿವಳಿಕೆಯದು. ಮೂರರಿಂದ ಐದರವರೆಗೆ ವೈದ್ಯರ ಭೇಟಿ, ವಿಶೇಷ ಚಿಕಿತ್ಸೆಗಳು, ಥೆರಪಿ. ಆರನೆಯದು ವರ್ತನೆ. ಏಳನೆಯದು, ಕನಿಷ್ಠ ಒಂದು ವರ್ಷ ಈ ಸೇವೆಯಲ್ಲಿದ್ದು, ಅದು ನಿಂತರೆ ಸ್ಥಿತಿ ಕುಸಿಯುವಂಥವರಿಗೆ. ಯಾವ ಬಾಗಿಲಿಗೂ ಹೊಂದದೆ, ಆದರೂ ತೀರಾ ದುರ್ಬಲರಾದವರಿಗೆ ಫ್ರೇಲ್ಟಿ ಮಾನದಂಡ ಎಂಬ ಇನ್ನೊಂದು ದಾರಿಯೂ ಇದೆ.

ಮೊದಲ ಬಾಗಿಲಿನಲ್ಲಿ ನಾಲ್ಕೇ ಕೆಲಸ: ಹಾಸಿಗೆಯಲ್ಲಿ ಮಗ್ಗುಲಾಗುವುದು, ಎದ್ದು ಕುರ್ಚಿಗೆ ಬರುವುದು, ಶೌಚ, ಊಟ. ಸ್ನಾನವೂ ಇಲ್ಲ, ಬಟ್ಟೆಯೂ ಇಲ್ಲ. ನೋಡುವುದು ಹಿಂದಿನ ಏಳು ದಿನ. ತಾನೇ ಮಾಡಿಕೊಂಡರೆ, ಅಥವಾ ಯಾರೋ ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಿದರೆ ಸಾಕು ಅನ್ನುವಂತಿದ್ದರೆ ಪ್ರತಿಯೊಂದಕ್ಕೂ 1 ಅಂಕ. ಮೊದಲ ಮೂರು ಕೆಲಸಗಳಲ್ಲಿ ಕೈಕಾಲು ಹಿಡಿದು ದಾರಿ ತೋರಿಸುವಷ್ಟು ಸಹಾಯ ವಾರದಲ್ಲಿ ಮೂರು ಸಲವಾದರೂ ಬೇಕಾಗಿದ್ದರೆ 3 ಅಂಕ, ಮೈಭಾರ ಹೊರುವಷ್ಟು ಬೇಕಾಗಿದ್ದರೆ 4. ಊಟದ್ದು 1, 2, 3. ಒಟ್ಟು 6 ಬರಬೇಕು. ಕೂಡಿ ನೋಡಿ: ಏನೂ ಸಹಾಯ ಬೇಡದವರಿಗೂ 4 ಬರುತ್ತದೆ. ಶೌಚ ಒಂದರಲ್ಲೇ ಕೈಸಹಾಯ ಇದ್ದರೆ 6 ಆಯಿತು. ಊಟದಲ್ಲಿ ಮಾತ್ರ ಸ್ವಲ್ಪ ಸಹಾಯವಾದರೆ 5, ಅಲ್ಲಿಗೇ ನಿಲ್ಲುತ್ತದೆ.

ಶೌಚ ಅಂದರೆ ಏನೇನು ಎಂಬುದನ್ನೂ ಬಿಡಿಸಿ ಹೇಳಬೇಕು. ಕಮೋಡ್ ಬಳಸುವುದಷ್ಟೇ ಅಲ್ಲ, ತೊಳೆದುಕೊಳ್ಳುವುದು, ಪ್ಯಾಡ್ ಬದಲಿಸುವುದು, ಆಮೇಲೆ ಬಟ್ಟೆ ಸರಿಮಾಡಿಕೊಳ್ಳುವುದು ಎಲ್ಲವೂ ಅದರೊಳಗೆ ಬರುತ್ತವೆ. ಸೊಸೆ ನೀರು ಹಾಕಿ ತೊಳೆಸಿದರೆ, ಸೀರೆಯ ನೆರಿಗೆ ಎಳೆದು ಸರಿಮಾಡಿದರೆ, ಅದು ಸಹಾಯವೇ. ನಮ್ಮ ಮನೆಗಳಲ್ಲಿ ಇದನ್ನು ಸಹಾಯ ಎಂದು ಯಾರೂ ಎಣಿಸುವುದಿಲ್ಲ. ನಿತ್ಯ ಆಗುವ ಕೆಲಸ, ಯಾರು ಮಾಡುತ್ತಿದ್ದಾರೆ ಎಂಬುದು ಕಣ್ಣಿಗೇ ಬಿದ್ದಿರುವುದಿಲ್ಲ.

ಮಿಶಿಗನ್‌ನ ಟ್ರಾಯ್‌ನಲ್ಲೋ ನೋವೈಯಲ್ಲೋ ಮಗನ ಮನೆಯಲ್ಲಿರುವ, ಎಂಬತ್ತು ದಾಟಿದ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ತಪಾಸಣೆಗೆ ನರ್ಸ್ ಬಂದು ಕೂತಿದ್ದಾರೆ. ಬಾತ್‌ರೂಮಿಗೆ ನೀವೇ ಹೋಗುತ್ತೀರಾ ಎಂದು ಕೇಳುತ್ತಾರೆ, ಮಗ ಕನ್ನಡದಲ್ಲಿ ಹೇಳುತ್ತಾನೆ. ತಾಯಿ ಸೆರಗು ಸರಿಮಾಡಿಕೊಂಡು, ‘ನನ್ನ ಕೆಲಸ ನಾನೇ ಮಾಡ್ಕೋತೀನಪ್ಪ, ಯಾರಿಗೂ ತೊಂದರೆ ಕೊಡಲ್ಲ’ ಅನ್ನುತ್ತಾರೆ. ಮಗ ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಫಾರಂನಲ್ಲಿ 4 ಅಂಕ ಬೀಳುತ್ತದೆ. ನರ್ಸ್ ಹೋದ ಮೇಲೆ ಸೊಸೆ ಕೇಳುತ್ತಾಳೆ: ‘ಅತ್ತೆ, ಬೆಳಗ್ಗೆ ನಾನು ಕೈ ಹಿಡೀದೆ ಇದ್ರೆ ನಿಮಗೆ ಏಳೋಕಾಗುತ್ತಾ?’ ಆ ಮಾತು ನರ್ಸ್ ಎದುರಿಗೆ ಬಂದಿದ್ದರೆ ಏಳುವುದಕ್ಕೆ 3, ಶೌಚಕ್ಕೆ 3, ಉಳಿದೆರಡಕ್ಕೆ ಒಂದೊಂದು, ಒಟ್ಟು 8 ಆಗುತ್ತಿತ್ತು.

ಇದನ್ನೇ ನಾನು ಒತ್ತಿ ಹೇಳಬೇಕೆಂದಿರುವುದು. ಆ ತಾಯಿ ಸುಳ್ಳು ಹೇಳಲಿಲ್ಲ. ಮಕ್ಕಳಿಗೆ ಹೊರೆಯಾಗಬಾರದು ಎಂದು ಬದುಕಿದವರು ಹಾಗೆಯೇ ಉತ್ತರ ಕೊಡುತ್ತಾರೆ. ಮಗನ ಮುಂದೆ ಶೌಚದ ಮಾತು ಆಡಲು ಸಂಕೋಚವೂ ಇರುತ್ತದೆ. ಆದ್ದರಿಂದ ಮಗನೋ ಮೊಮ್ಮಗಳೋ ದುಭಾಷಿಯಾಗುವ ಬದಲು ಬೇರೆ ದುಭಾಷಿಯನ್ನು ಕೇಳಿ. ಮೆಡಿಕೇಡ್‌ನಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಭಾಷೆಯ ನೆರವು ಒದಗಿಸುವ ಹೊಣೆ 1964ರ ಸಿವಿಲ್ ರೈಟ್ಸ್ ಕಾಯ್ದೆಯಿಂದಲೇ ಅವರ ಮೇಲಿದೆ. ಕನ್ನಡಕ್ಕೆ ಸಾಮಾನ್ಯವಾಗಿ ಫೋನಿನಲ್ಲಿ ಸಿಗುತ್ತಾರೆ, ಮುಂಚೆಯೇ ಹೇಳಿಡಬೇಕು. ಕೈಯಾರೆ ಆರೈಕೆ ಮಾಡುತ್ತಿರುವವರು ಆ ಕೋಣೆಯಲ್ಲಿ ಇರಲೇಬೇಕು. ಏಳು ದಿನ ಮುಂಚಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ರಾತ್ರಿ ಎಷ್ಟು ಸಲ ಎಬ್ಬಿಸಬೇಕಾಯಿತು, ಎಲ್ಲಿ ಕೈ ಹಿಡಿಯಬೇಕಾಯಿತು, ಎಲ್ಲಿ ಪೂರ್ತಿ ಎತ್ತಬೇಕಾಯಿತು. ಇದ್ದದ್ದನ್ನು ಇದ್ದಂತೆ ಬರೆದರೆ ಸಾಕು, ಹೆಚ್ಚು ಮಾಡಿ ಬರೆಯುವುದು ಬೇಡ.

ಮರೆವಿನ ಕಾಯಿಲೆಯವರ ಕಥೆ ಇನ್ನೂ ಸೂಕ್ಷ್ಮ. ಅವರ ಕೈಕಾಲು ಗಟ್ಟಿಯಾಗಿರಬಹುದು, ಮೊದಲ ಬಾಗಿಲಿನಲ್ಲಿ ಬೇಕಾದಷ್ಟು ಅಂಕ ಬಾರದಿರಬಹುದು. ಎರಡನೇ ಬಾಗಿಲಿನಲ್ಲಿ ಐದು ನಿಮಿಷದ ಹಿಂದಿನದು ನೆನಪಿದೆಯೇ, ದಿನದ ಸಣ್ಣಪುಟ್ಟ ತೀರ್ಮಾನಗಳನ್ನು ತಾನೇ ಮಾಡಬಲ್ಲರೇ, ಬೇಕಾದದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬಲ್ಲರೇ ಎಂದು ನೋಡುತ್ತಾರೆ. ತುಮಕೂರಿನ ಹೈಸ್ಕೂಲು ಮೇಷ್ಟ್ರುಗಳ ಹೆಸರನ್ನೆಲ್ಲ ಪಟಪಟ ಹೇಳುವ ಅಪ್ಪನನ್ನು ಕಂಡು, ‘ಅಪ್ಪಾಜಿಗೆ ನೆನಪು ಚೆನ್ನಾಗಿದೆ’ ಎಂದು ಮಕ್ಕಳು ನಂಬಿರುತ್ತಾರೆ. ಹಳೆಯ ನೆನಪು ಬಹುಕಾಲ ಉಳಿಯಬಹುದು. ಬೆಳಗ್ಗೆ ತಿಂಡಿ ತಿಂದೆನೋ ಇಲ್ಲವೋ ಎಂಬುದು ಮೊದಲು ಹೋಗುತ್ತದೆ. ಆರನೇ ಬಾಗಿಲಿನಲ್ಲಿ ಗುರಿಯಿಲ್ಲದೆ ಅಲೆಯುವುದು, ಬೈಯುವುದು, ಹೊಡೆಯಲು ಬರುವುದು, ಆರೈಕೆ ಮಾಡಲು ಬಿಡದಿರುವುದು, ಇವು ಹಿಂದಿನ ಏಳು ದಿನಗಳಲ್ಲಿ ನಾಲ್ಕು ದಿನವಾದರೂ ಆಗಿದ್ದರೆ ಲೆಕ್ಕಕ್ಕೆ ಬರುತ್ತವೆ. ಮನೆಯ ಮರ್ಯಾದೆ ಎಂದು ನಾವು ಮುಚ್ಚಿಡುವುದು ಇವನ್ನೇ. ಅದು ಕಾಯಿಲೆಯ ಕೆಲಸ, ಅಪ್ಪನ ಗುಣವಲ್ಲ. ಹೇಳಿಬಿಡಬೇಕು.

ಅರ್ಹರು ಎಂದಾದ ಕೂಡಲೇ ಅವರನ್ನು ನರ್ಸಿಂಗ್ ಹೋಮಿಗೆ ಕಳಿಸಲೇಬೇಕೇ ಎಂಬ ಭಯದಿಂದ ಎಷ್ಟೋ ಕುಟುಂಬಗಳು ಅಸೆಸ್‌ಮೆಂಟನ್ನೇ, ಅಂದರೆ ಈ ತಪಾಸಣೆಯನ್ನೇ, ಬೇಡ ಅನ್ನುತ್ತವೆ. ಹಾಗೇನೂ ಇಲ್ಲ. ಮೆಡಿಕೇಡ್ ಕಾಯ್ದೆಗೆ 1981ರಲ್ಲಿ ಆದ ತಿದ್ದುಪಡಿಯಿಂದ ವೇವರ್ ಎಂಬ ವ್ಯವಸ್ಥೆ ಬಂತು: ನರ್ಸಿಂಗ್ ಹೋಮಿಗೆ ಅರ್ಹರಾದವರಿಗೆ ಅದೇ ಆರೈಕೆಯನ್ನು ಮನೆಯಲ್ಲೇ ಕೊಡಲು ರಾಜ್ಯಗಳಿಗೆ ಅವಕಾಶವಾಯಿತು. ಅದೇ ವರ್ಷ ಅಯೋವಾದ ಕೇಟಿ ಬೆಕೆಟ್ ಎಂಬ ಮೂರು ವರ್ಷದ ಹುಡುಗಿಯ ಸಂಗತಿ ದೇಶದ ಗಮನ ಸೆಳೆದಿತ್ತು. ಮೆದುಳು ಜ್ವರದಿಂದ ಉಸಿರಾಟಕ್ಕೆ ಯಂತ್ರ ಬೇಕಾಗಿದ್ದ ಆ ಮಗು ಆಸ್ಪತ್ರೆಯಲ್ಲಿದ್ದರೆ ಮೆಡಿಕೇಡ್ ಖರ್ಚು ಕೊಡುತ್ತಿತ್ತು, ಮನೆಗೆ ಹೋದರೆ ಇಲ್ಲ. ಮನೆಯಲ್ಲಿ ಖರ್ಚು ಎಷ್ಟೋ ಕಡಿಮೆಯಾಗಿದ್ದರೂ ನಿಯಮ ಹಾಗಿತ್ತು. ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಅವಳ ಪ್ರಸ್ತಾಪ ಮಾಡಿದ ಮೇಲೆ ಅವಳಿಗೆ ಮನೆಗೆ ಹೋಗುವ ದಾರಿಯಾಯಿತು. ಅಂಗವಿಕಲರನ್ನು ಕಾರಣವಿಲ್ಲದೆ ಸಂಸ್ಥೆಗಳಲ್ಲಿ ಇಡುವುದು ತಾರತಮ್ಯ ಎಂದು 1999ರಲ್ಲಿ ಓಮ್‌ಸ್ಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಿಶಿಗನ್‌ನಲ್ಲಿ ಇಂಥ ವೇವರ್‌ನ ಹೆಸರು ಎಂಐ ಚಾಯ್ಸ್. ಇದರಿಂದ ಮನೆಗೆ ಸಹಾಯಕರು ಬರುತ್ತಾರೆ. ಆದರೆ ಒಂದು ಕೊರತೆ ಇದೆ. ಅರ್ಹತೆ ಇದ್ದರೆ ನರ್ಸಿಂಗ್ ಹೋಮಿನ ಖರ್ಚನ್ನು ಮೆಡಿಕೇಡ್ ಕೊಡಲೇಬೇಕು, ವೇವರ್‌ಗೆ ಮಾತ್ರ ಸ್ಥಳ ಇಷ್ಟೇ ಎಂಬ ಮಿತಿ ಇದೆ, ಸರದಿ ಕಾಯಬೇಕಾಗಬಹುದು. ಮನೆಯಲ್ಲಿರಬಯಸುವವರನ್ನು ಕಾಯಿಸುವ ಈ ಕ್ರಮ ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಇಷ್ಟೆಲ್ಲ ಆದರೂ ವಲಸೆಯ ನಿಯಮ ಅಡ್ಡ ಬರಬಹುದು. ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಗೆ ಇದು ಸಿಗುವುದಿಲ್ಲ. ಗ್ರೀನ್ ಕಾರ್ಡ್ ಪಡೆದವರೂ 1996ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಹಣದ ಕಡೆ, ಅರ್ಜಿಗೆ ಹಿಂದಿನ 60 ತಿಂಗಳಲ್ಲಿ ಆಸ್ತಿಯನ್ನು ಬಿಟ್ಟಿಯಾಗಿ ಯಾರಿಗಾದರೂ ಬರೆದುಕೊಟ್ಟಿದ್ದರೆ ಅದನ್ನೂ ಕೆದಕುತ್ತಾರೆ. ಊರಿನ ಸೈಟನ್ನು ಮಗಳ ಹೆಸರಿಗೆ ಮಾಡಿದ್ದರೆ, ಅರ್ಜಿ ಹಾಕುವ ಮುಂಚೆ ಈ ವಿಷಯ ಬಲ್ಲ ವಕೀಲರ ಹತ್ತಿರ ಮಾತಾಡಿ.

ಅರ್ಹರಲ್ಲ ಎಂದು ಪತ್ರ ಬಂದರೆ ಅದೇ ಕೊನೆಯಲ್ಲ. ಫೇರ್ ಹಿಯರಿಂಗ್, ಅಂದರೆ ಆ ತೀರ್ಮಾನದ ಮೇಲೆ ಮರುವಿಚಾರಣೆ, ಕೇಳುವ ಹಕ್ಕು ಎಲ್ಲ ರಾಜ್ಯಗಳಲ್ಲೂ ಇದೆ. ಮಿಶಿಗನ್‌ನಲ್ಲಿ ಅದಕ್ಕೆ 90 ದಿನಗಳ ಗಡುವು. ಈಗಾಗಲೇ ಸಿಗುತ್ತಿರುವ ಸೇವೆಯನ್ನು ನಿಲ್ಲಿಸುವ ಪತ್ರವಾದರೆ ಅದು ಸಾಮಾನ್ಯವಾಗಿ 10 ದಿನ ಮುಂಚೆಯೇ ಕೈಗೆ ಬರಬೇಕು. ನಿಲ್ಲಿಸುವ ತಾರೀಖಿಗೆ ಮುಂಚೆಯೇ ಹಿಯರಿಂಗ್ ಕೇಳಿದರೆ ತೀರ್ಪು ಬರುವವರೆಗೆ ಸೇವೆ ಮುಂದುವರಿಯುತ್ತದೆ, ಸೋತರೆ ಆ ಅವಧಿಯ ಖರ್ಚನ್ನು ವಸೂಲು ಮಾಡಲೂಬಹುದು. ತಪಾಸಣೆಯಲ್ಲಿ ಯಾವ ಬಾಗಿಲಿಗೆ ಏನು ಬರೆದಿದ್ದಾರೆ ಎಂದು ಮೊದಲು ನೋಡಿ. ಅಲ್ಲಿ ಬರೆದದ್ದಕ್ಕೂ ಮನೆಯಲ್ಲಿ ನಡೆಯುವುದಕ್ಕೂ ವ್ಯತ್ಯಾಸ ಇದ್ದರೆ ನೋಟ್‌ಬುಕ್ಕಿನ ಪುಟಗಳನ್ನೂ ವೈದ್ಯರ ಟಿಪ್ಪಣಿಯನ್ನೂ ಜೊತೆಗಿಡಿ. ಈ ನಡುವೆ ಇನ್ನೊಮ್ಮೆ ಬಿದ್ದರೆ, ಸ್ಟ್ರೋಕ್ ಆದರೆ, ಅಥವಾ ಸ್ಥಿತಿ ಬೇರೆ ರೀತಿಯಲ್ಲಿ ಬದಲಾದರೆ, ಹಿಯರಿಂಗಿಗೆ ಕಾಯದೆ ಹೊಸ ಅಸೆಸ್‌ಮೆಂಟ್ ಕೇಳಬಹುದು.