ಮೊತ್ತದ ಸಾಲನ್ನೇ ಮೊದಲು ತಿನ್ನುವ ಮಸಿ

ಅಮೆರಿಕದ ರಾಜ್ಯ ಸರ್ಕಾರಗಳ ಖಜಾನೆ ಕಚೇರಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದಿಟ್ಟ ಜಮಾ-ಖರ್ಚಿನ ಪುಸ್ತಕಗಳು ಶಿಥಿಲವಾಗುತ್ತಿದ್ದರೆ, ಅದು ಕಾಗದಕ್ಕೆ ವಯಸ್ಸಾದದ್ದರಿಂದ ಎಂದು ಬಹಳ ಜನ ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. ಚಿಂದಿಬಟ್ಟೆಯ ನಾರಿನಿಂದ ಮಾಡಿದ ಆ ಕಾಗದ, ಮುಂದೆ ಬಂದ ಮರದ ತಿರುಳಿನ ಅಗ್ಗದ ಕಾಗದಕ್ಕಿಂತ ಎಷ್ಟೋ ಗಟ್ಟಿ. ಖಾಲಿ ಬಿಟ್ಟ ಅಂಚು ಇಂದಿಗೂ ಮುರಿಯದೆ ಬಾಗುವ ಹಾಳೆಯಲ್ಲೇ, ಗುಮಾಸ್ತ ಮಸಿ ತುಂಬಿಸಿ ಒತ್ತಿ ಬರೆದ ಮೊತ್ತದ ಸಾಲಿನಲ್ಲಿ, 8ರ ಸುತ್ತಿನೊಳಗಿನ ಕಾಗದ ಉದುರಿ ತೂತು ಬಿದ್ದಿರಬಹುದು. ಕಾಗದವನ್ನು ತಿಂದದ್ದು ಕಾಲವಲ್ಲ, ಮಸಿ.

ಓಕ್ ಮರದ ಮೇಲೆ ಕಣಜಗಳು ಮೊಟ್ಟೆಯಿಟ್ಟಾಗ ಬೆಳೆಯುವ ಮಾಚಿಕಾಯಿ, ಅನ್ನಭೇದಿ ಎಂದು ಕರೆಯುವ ಫೆರಸ್ ಸಲ್ಫೇಟ್, ಜಾಲಿಯ ಅಂಟು ಮತ್ತು ನೀರು, ಇಷ್ಟೇ ಆ ಕಾಲದ ಕಬ್ಬಿಣದ ಮಸಿಯ ಸಾಮಗ್ರಿ. ಬರೆಯುವಾಗ ತಿಳಿಯಾಗಿರುವ ಈ ಮಸಿ ಗಾಳಿಯ ಆಮ್ಲಜನಕ ತಾಗಿದಂತೆ ನಾರಿನೊಳಗೇ ಕಪ್ಪಾಗಿ ಕೂರುವುದರಿಂದ, ಅದನ್ನು ಅಳಿಸಿ ಅಂಕಿ ತಿದ್ದುವುದು ಕಷ್ಟ; ಲೆಕ್ಕ ಬರೆಯುವವರಿಗೆ ಬೇಕಾದದ್ದೂ ಅದೇ. 1856ರ ನಂತರ ಬಂದ ಅನಿಲೀನ್ ಎಂಬ ಕೃತಕ ಬಣ್ಣಗಳ ಮಸಿ ಬೆಳಕಿಗೆ ಮಾಸತೊಡಗಿದಾಗ, ಮ್ಯಾಸಚೂಸೆಟ್ಸ್ ರಾಜ್ಯವು ಆ ಶತಮಾನದ ಕೊನೆಗೆ ಸಾರ್ವಜನಿಕ ದಾಖಲೆಗಳಿಗೆ ಕಬ್ಬಿಣದ ಮಸಿಯನ್ನೇ ಪ್ರಮಾಣವಾಗಿ ಗೊತ್ತುಪಡಿಸಿತು.

ಆದರೆ ಕಪ್ಪು ಬಣ್ಣ ಮೂಡುವ ಕ್ರಿಯೆಯಲ್ಲೇ ಗಂಧಕಾಮ್ಲವೂ ಹುಟ್ಟಿ, ಕಾಗದದ ನಾರಾದ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಇದಕ್ಕಿಂತ ಕುತೂಹಲಕರವಾದದ್ದು, ಮಸಿಯಲ್ಲಿ ಹೆಚ್ಚುವರಿಯಾಗಿ ಉಳಿದ ಕಬ್ಬಿಣದ ಕೆಲಸ. ದಲ್ಲಾಳಿಯು ತನ್ನ ಬಂಡವಾಳ ಕರಗಿಸದೆ ಒಂದರ ಮೇಲೊಂದು ವ್ಯವಹಾರ ಕುದುರಿಸುವಂತೆ, ಕಬ್ಬಿಣದ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣು, ಎರಡು ಧನಾವೇಶದಿಂದ ಮೂರಕ್ಕೆ, ಮೂರರಿಂದ ಮತ್ತೆ ಎರಡಕ್ಕೆ ಬದಲಾಗುತ್ತ, ತಾನು ವ್ಯಯವಾಗದೆ, ಕಾಗದದ ಉತ್ಕರ್ಷಣವನ್ನು, ಅಂದರೆ ಆಮ್ಲಜನಕದಿಂದ ಅದು ಸವೆಯುವ ಕ್ರಿಯೆಯನ್ನು, ವರ್ಷಗಟ್ಟಲೆ ನಡೆಸುತ್ತಲೇ ಇರುತ್ತದೆ.

ಆದ್ದರಿಂದ ಇಂಥ ಹಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ತೇವ ಕಬ್ಬಿಣವನ್ನು ಅಕ್ಷರದಾಚೆಗೂ ಹರಡುತ್ತದೆ. ಪ್ಲಾಸ್ಟಿಕ್ ಹೊದಿಸಿದರೆ ಉಳಿಯುತ್ತದೆಂಬ ನಂಬಿಕೆಯೂ ಅಷ್ಟೇ ಅಪಾಯದ್ದು. 1930ರ ದಶಕದಲ್ಲಿ ವರ್ಜೀನಿಯಾದ ದಾಖಲೆ ಸಂರಕ್ಷಕ ವಿಲಿಯಂ ಬ್ಯಾರೋ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಯಲ್ಲಿ ಒತ್ತಿ ಅಂಟಿಸುವ ವಿಧಾನವನ್ನು ಪ್ರಚಾರಕ್ಕೆ ತಂದರು. ಒಳಗಿನ ಆಮ್ಲವನ್ನು ಮೊದಲು ಶಮನಗೊಳಿಸಬೇಕೆಂದು ಮುಂದೆ ಅವರೇ ಕಂಡುಕೊಂಡರು. ಇಂದು ಸಂರಕ್ಷಕರು ಕಬ್ಬಿಣ ತಾಗಿದರೆ ಬಣ್ಣ ತಳೆಯುವ ಬ್ಯಾಥೋಫಿನಾಂತ್ರೋಲಿನ್ ಎಂಬ ರಾಸಾಯನಿಕ ಸವರಿದ ಪಟ್ಟಿಯನ್ನು ತುಸು ತೇವಗೊಳಿಸಿ ಅಕ್ಷರದ ಮೇಲೆ ಕ್ಷಣಕಾಲ ಒತ್ತುತ್ತಾರೆ. ಪಟ್ಟಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಕಬ್ಬಿಣ ಇನ್ನೂ ಸಡಿಲವಾಗಿದೆಯೆಂದು ಅರ್ಥ. ಅಂಥ ಹಾಳೆಗೆ ಕ್ಯಾಲ್ಸಿಯಂ ಫೈಟೇಟ್ ದ್ರಾವಣದಿಂದ ಕಬ್ಬಿಣವನ್ನು ಕಟ್ಟಿಹಾಕಿ, ಆಮೇಲೆ ಕ್ಯಾಲ್ಸಿಯಂ ಬೈಕಾರ್ಬನೇಟಿನಿಂದ ಆಮ್ಲವನ್ನು ತಟಸ್ಥಗೊಳಿಸುತ್ತಾರೆ.