ಸ್ಟೇಜಿನ ಆ ದೊಡ್ಡ ಪೆಟ್ಟಿಗೆ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ಮಗಳು ಎರಡು ವರ್ಷದಿಂದ ಗಿಟಾರ್ ಕಲಿಯುತ್ತಿದ್ದಾಳೆ. ಈಗ ಎಲೆಕ್ಟ್ರಿಕ್ ಗಿಟಾರ್ ಬೇಕಂತೆ. ಅಂಗಡಿಯವರು ‘ಈಗ ಆಂಪ್ ಯಾರಿಗೆ ಬೇಕು, ಸಣ್ಣ ಪ್ರೊಸೆಸರ್ ಸಾಕು’ ಅನ್ನುತ್ತಾರೆ. ನಾವು ಸಣ್ಣವರಿದ್ದಾಗ ಆರ್ಕೆಸ್ಟ್ರಾದ ಗಿಟಾರಿನವರ ಹಿಂದೆ ಕಪಾಟಿನ ಹಾಗೆ ಒಂದು ಪೆಟ್ಟಿಗೆ ಇರುತ್ತಿತ್ತು. ಅದು ಎಲ್ಲಿ ಹೋಯಿತು? ನಿಜಕ್ಕೂ ಆಂಪ್ ಬೇಡವಾ? (ಬದಿಯಡ್ಕದಿಂದ)

ಅಂಗಡಿಯವರು ಹೇಳಿದ್ದು ಅರ್ಧ ನಿಜ. ಆ ಪೆಟ್ಟಿಗೆಯೇ ಆಂಪ್, ಅಂದರೆ ಆಂಪ್ಲಿಫೈಯರ್. ಅದು ಎರಡು ಕೆಲಸ ಮಾಡುತ್ತಿತ್ತು. ಗಿಟಾರಿಗೆ ಒಂದು ಕಂಠ ಕೊಡುತ್ತಿತ್ತು, ಮತ್ತೆ ಆ ಕಂಠವನ್ನು ಕೊನೇ ಸಾಲಿನವರೆಗೆ ಮುಟ್ಟಿಸುತ್ತಿತ್ತು. ಈಗ ಮುಟ್ಟಿಸುವ ಕೆಲಸ ಮೈಕ್ ಸೆಟ್ಟಿನವರದು. ಕಂಠ ಕೊಡುವ ಕೆಲಸವನ್ನು ಬುತ್ತಿ ಡಬ್ಬಿಯಷ್ಟಿರುವ ಒಂದು ಕಂಪ್ಯೂಟರ್ ಮಾಡುತ್ತದೆ. ಅಂಗಡಿಯವರು ಹೇಳಿದ ಪ್ರೊಸೆಸರ್ ಅದೇ. ನಾನು ಗಿಟಾರ್ ಹಿಡಿದು 40 ವರ್ಷ ಆಯಿತು. ಇದೆಲ್ಲ ಕಣ್ಣೆದುರೇ ಆದದ್ದು. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನನ್ನ ಮೊದಲ ಆಂಪ್ ಮಾಡಿಕೊಟ್ಟವರು ಕಾಸರಗೋಡು ಪೇಟೆಯ ಒಬ್ಬ ರೇಡಿಯೋ ರಿಪೇರಿಯವರು. 1980ರ ದಶಕದ ಮಾತು. ಹಲಸಿನ ಹಲಗೆಯ ಪೆಟ್ಟಿಗೆ, 12 ಇಂಚಿನ ಒಂದು ಸ್ಪೀಕರ್, ಒಳಗೆ 2ಎನ್3055 ಅನ್ನುವ ಟ್ರಾನ್ಸಿಸ್ಟರಿನ ಒಂದು ಜೋಡಿ. ಆಗ ಕೈಯಿಂದ ಆಂಪ್ ಮಾಡುವವರಿಗೆಲ್ಲ ಆ ನಂಬರು ಬಾಯಿಪಾಠ. ದನಿ ಚೊಕ್ಕವಾಗಿ ಬರುತ್ತಿತ್ತು. ಆದರೆ ವಾಲ್ಯೂಮ್ ಒಂದು ಹಂತ ದಾಟಿತೋ, ತಗಡು ಹರಿದ ಹಾಗೆ ಚರ್ರ್ ಅನ್ನುತ್ತಿತ್ತು. ಕ್ಯಾಸೆಟ್ಟಿನಲ್ಲಿ ಕೇಳಿದ ಆ ದಪ್ಪ ದನಿ ಏನು ಮಾಡಿದರೂ ಬರುತ್ತಿರಲಿಲ್ಲ. ನನ್ನ ಕೈಯೇ ಸರಿ ಇಲ್ಲ ಅಂತ ಎಷ್ಟೋ ವರ್ಷ ನಂಬಿದ್ದೆ.

ಆ ಕ್ಯಾಸೆಟ್ಟಿನ ದನಿ ವಾಲ್ವಿನದು ಅಂತ ಆಮೇಲೆ ಗೊತ್ತಾಯಿತು.

ಅಜ್ಜನ ಕಾಲದ ರೇಡಿಯೋದ ಒಳಗೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆ ನೆನಪಿದೆಯಲ್ವಾ, ಅದೇ ವಾಲ್ವ್. ಬೆಂಗಳೂರಿನ ಬಿಇಎಲ್ ಕೂಡ 1961ರಿಂದ ರೇಡಿಯೋ ವಾಲ್ವ್ ಮಾಡುತ್ತಿತ್ತು. ಅಡಿಕೆ ತೋಟದ ಪೈಪಿನ ಗೇಟ್‌ವಾಲ್ವ್ ಎರಡು ಬೆರಳಿನಲ್ಲಿ ಚೂರು ತಿರುಗಿಸಿದರೆ ಸಾಕು, ಪಂಪಿನ ಅಷ್ಟೂ ನೀರು ಹೆಚ್ಚು ಕಡಿಮೆ ಆಗುತ್ತದೆ. ಬುರುಡೆಯ ಒಳಗೂ ಹಾಗೆಯೇ. ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿನ ಕಡೆಗೆ ಹರಿಯುತ್ತವೆ. ನಡುವೆ ಒಂದು ಜಾಲರಿ. ಗಿಟಾರಿನಿಂದ ಬರುವ ಸಣ್ಣ ಸಿಗ್ನಲ್ ಜಾಲರಿಗೆ ಹೋಗಿ, ಆ ದೊಡ್ಡ ಹರಿವನ್ನು ತನ್ನ ತಾಳಕ್ಕೆ ಕುಣಿಸುತ್ತದೆ.

ಅಮೆರಿಕದ ಫುಲ್ಲರ್ಟನ್ ಊರಿನ ಲಿಯೋ ಫೆಂಡರ್ ಕೂಡ ರೇಡಿಯೋ ರಿಪೇರಿ ಅಂಗಡಿಯವರೇ. ಇದನ್ನು ಓದಿದ ದಿನ ನನ್ನ ಹಲಸಿನ ಪೆಟ್ಟಿಗೆಯ ಮೇಲೆ ಗೌರವ ಜಾಸ್ತಿಯಾಯಿತು. 1940ರ ದಶಕದಲ್ಲಿ ಅವರು ಆಂಪ್ ಮಾಡಲು ಶುರು ಮಾಡಿದರು. 1952ರಲ್ಲಿ ಬಾಸ್ ಗಿಟಾರಿಗೆಂದು ‘ಬಾಸ್‌ಮನ್’ ಮಾಡಿದರು. ಅದು ಮಾಮೂಲಿ ಗಿಟಾರಿನವರಿಗೂ ಹಿಡಿಸಿಬಿಟ್ಟಿತು. ಹತ್ತು ವರ್ಷ ಕಳೆದು, 1962ರಲ್ಲಿ, ಲಂಡನ್ನಿನಲ್ಲಿ ಡ್ರಮ್ ಕಲಿಸುತ್ತ ವಾದ್ಯದ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಅವರ ಬಳಗ ಬಾಸ್‌ಮನ್ನಿನ ಸರ್ಕ್ಯೂಟನ್ನೇ ಮುಂದಿಟ್ಟುಕೊಂಡು ತಮ್ಮ ಮೊದಲ ಆಂಪ್ ಮಾಡಿತು. ಮಾರ್ಷಲ್ ಅನ್ನುವ ಹೆಸರು ಹುಟ್ಟಿದ್ದು ಹಾಗೆ.

ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಏನಾಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಯಕ್ಷಗಾನದ ಒಳ್ಳೇ ಭಾಗವತರು ಬೆಳಗಿನ ಜಾವ ಏರು ಶ್ರುತಿಯಲ್ಲಿ ಪದ ಎತ್ತುವುದನ್ನು ಕೇಳಿದ್ದೀರಲ್ಲ? ದನಿ ಒಡೆಯುವುದಿಲ್ಲ. ಒಂದು ಥರ ದಪ್ಪವಾಗುತ್ತದೆ, ಅದರೊಳಗೆ ಮರಳಿನಂಥ ಒಂದು ಗರಗರ ಸೇರುತ್ತದೆ. ವಾಲ್ವ್ ಆಂಪ್ ಹಾಗೆ ಮಿತಿ ಮುಟ್ಟುತ್ತದೆ. ಅಲೆಯ ತುದಿ ಮೆಲ್ಲಗೆ ಉರುಟಾಗುತ್ತದೆ. ಬೆರಳು ಹಗುರ ಮಾಡಿದರೆ ದನಿ ಮತ್ತೆ ತಿಳಿಯಾಗುತ್ತದೆ. ನನ್ನ ಟ್ರಾನ್ಸಿಸ್ಟರ್ ಆಂಪ್ ಅಲೆಯ ತುದಿಯನ್ನು ಕತ್ತಿಯಲ್ಲಿ ಕೊಯ್ದ ಹಾಗೆ ಸಪಾಟು ಮಾಡುತ್ತಿತ್ತು. ಚರ್ರ್ ಅನ್ನುತ್ತಿದ್ದದ್ದು ಅದು. ಹಾಗಂತ ಟ್ರಾನ್ಸಿಸ್ಟರ್ ಕೆಟ್ಟದ್ದು ಅಂತ ಹೇಳಿದರೆ ಅನ್ಯಾಯ. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಪೂರ್ತಿ ಟ್ರಾನ್ಸಿಸ್ಟರಿನದು. ತಿಳಿ ದನಿಗೆ ಇಂದಿಗೂ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ಪೆಟ್ಟಿಗೆ ದೊಡ್ಡದಾದದ್ದು ಮಾತ್ರ ಬೇರೆ ಕಾರಣಕ್ಕೆ. ಆಗ ಗಿಟಾರಿಗೆ ಮೈಕ್ ಇಡುವ ಪದ್ಧತಿ ಇರಲಿಲ್ಲ. 1965ರಲ್ಲಿ ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ 55,000ಕ್ಕೂ ಜಾಸ್ತಿ ಜನರ ಮುಂದೆ ಹಾಡಿದಾಗ, ಗಿಟಾರಿಗೆ ಇದ್ದದ್ದು ಹಿಂದಿನ 100 ವಾಟಿನ ವಾಕ್ಸ್ ಆಂಪ್‌ಗಳು ಮಾತ್ರ. ಜನರ ಬೊಬ್ಬೆಯಲ್ಲಿ ಏನೂ ಕೇಳಿಸಲಿಲ್ಲ. ಆಮೇಲೆ ಮೈಕ್ ಸೆಟ್ ಬೆಳೆಯಿತು. ನಮ್ಮಲ್ಲೂ ಅಷ್ಟೇ. ಮರಕ್ಕೆ ಕಟ್ಟುತ್ತಿದ್ದ, ಮಲಯಾಳದವರು ಕೋಳಾಂಬಿ ಅನ್ನುವ ಕಹಳೆ ಸ್ಪೀಕರ್ ಹೋಗಿ, ಜಾತ್ರೆ ಗದ್ದೆಯಲ್ಲಿ ಪೆಟ್ಟಿಗೆ ಸ್ಪೀಕರುಗಳ ಗೋಡೆಯೇ ಎದ್ದಿತು. ಅಂಥ ಕಡೆ ಗಿಟಾರಿನವರು ಬೇರೆ ಪೆಟ್ಟಿಗೆ ಹೊರುವುದು ಯಾಕೆ? ಜೆಸಿ-120 ಒಂದೇ ಸುಮಾರು 28 ಕಿಲೋ ತೂಗುತ್ತದೆ.

ವಾಟ್ ನೋಡಿ ಮರುಳಾಗಬೇಡಿ. 100 ವಾಟ್ ಅಂದರೆ 10 ವಾಟಿನ ಹತ್ತು ಪಟ್ಟು ಜೋರು ಅಂತ ತುಂಬ ಜನ ತಿಳಿದಿದ್ದಾರೆ. ನಮ್ಮ ಕಿವಿಗೆ ಅದು ಹೆಚ್ಚು ಕಡಿಮೆ ಎರಡು ಪಟ್ಟು, ಅಷ್ಟೇ. ಮನೆಯಲ್ಲಿ 5 ವಾಟೇ ಧಾರಾಳ.

ಇನ್ನು ಡಬ್ಬಿಯ ಕಥೆ. 1998ರಲ್ಲಿ ಲೈನ್ 6 ಕಂಪನಿಯ ‘ಪಾಡ್’ ಬಂತು. ಕೆಂಪು ಬಣ್ಣ, ಗೇರುಬೀಜದ ಆಕಾರ. ಹೆಸರಾಂತ ಆಂಪ್‌ಗಳ ನಡತೆಯನ್ನು ಲೆಕ್ಕ ಮಾಡಿ, ಅಂಥದೇ ದನಿ ಹುಟ್ಟಿಸುವ ಯಂತ್ರ. 2011ರ ಹೊತ್ತಿಗೆ ಜರ್ಮನಿಯ ಕೆಂಪರ್ ಇನ್ನೂ ಮುಂದೆ ಹೋಯಿತು. ನಿಮ್ಮ ಸ್ವಂತ ಆಂಪಿಗೆ ಪರೀಕ್ಷೆಯ ಸದ್ದುಗಳನ್ನು ಕಳಿಸಿ, ಹೊರಬಂದದ್ದನ್ನು ಕೇಳಿ, ಅದರ ಪಡಿಯಚ್ಚು ತೆಗೆಯುತ್ತದೆ. ಈಗ ‘ನ್ಯೂರಲ್ ಆಂಪ್ ಮಾಡೆಲರ್’ ಅನ್ನುವ ಸಾಫ್ಟ್‌ವೇರ್ ಇಂಥದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ. ನನಗೆ ಮೊದಲು ನಂಬಿಕೆ ಇರಲಿಲ್ಲ. ಒಮ್ಮೆ ಕಣ್ಣು ಮುಚ್ಚಿ ನಿಜವಾದ ಆಂಪ್, ಅದರ ಪಡಿಯಚ್ಚು ಎರಡನ್ನೂ ಕೇಳಿದೆ, ಯಾವುದು ಯಾವುದೆಂದು ಗೊತ್ತಾಗಲಿಲ್ಲ. ಹದಿನೆಂಟು ವರ್ಷಕ್ಕೆ ಕೈಗೆ ಸಿಗದ ಆ ದನಿ ಈಗ ಶಾಲೆ ಮಕ್ಕಳಿಗೂ ಸಿಗುತ್ತದಲ್ಲ ಅಂತ ಮನಸ್ಸು ತುಂಬಿ ಬಂತು.

ಡಬ್ಬಿಗೆ ಹೋಗುವುದಾದರೆ ಒಂದು ವಿಷಯ ಖಂಡಿತ ತಿಳಿದಿರಬೇಕು. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ಮೇಲಿನ ಚೂಪು ಸದ್ದನ್ನು ಹೆಚ್ಚಾಗಿ ನುಂಗಿಬಿಡುತ್ತದೆ. ಮೈಕ್ ಸೆಟ್ಟಿನಲ್ಲಿ ಟ್ವೀಟರ್ ಅನ್ನುವ, ಚೂಪು ಸದ್ದಿಗೆಂದೇ ಇರುವ ಸಣ್ಣ ಸ್ಪೀಕರ್ ಇರುತ್ತದೆ, ಅದು ಏನನ್ನೂ ಬಿಡುವುದಿಲ್ಲ. 1990ರ ದಶಕದಲ್ಲಿ ನಾವು ಗರಗರ ದನಿ ಕೊಡುವ ಡಿಸ್ಟಾರ್ಷನ್ ಪೆಡಲನ್ನು ನೇರ ಮೈಕ್ ಸೆಟ್ಟಿನ ಮಿಕ್ಸರಿಗೆ ಚುಚ್ಚುತ್ತಿದ್ದೆವು. ಕಣಜದ ಗೂಡಿಗೆ ಕಲ್ಲು ಬಿದ್ದ ಹಾಗೆ ಕೇಳುತ್ತಿತ್ತು. ಈಗಿನ ಪ್ರೊಸೆಸರಿನಲ್ಲಿ ‘ಕ್ಯಾಬ್’ ಅನ್ನುವ ಆಯ್ಕೆ ಇದೆ. ಆ ಸ್ಪೀಕರಿನ ಗುಣವನ್ನು ಕೊಡುವುದು ಅದೇ. ಮಿಕ್ಸರಿಗೆ ಹೋಗುವಾಗ ಅದು ಆನ್ ಇರಲಿ. ಬೇರೆ ಗಿಟಾರ್ ಆಂಪಿಗೆ ಚುಚ್ಚುವಾಗ ಆಫ್ ಮಾಡಿ.

ಬ್ಲೂಟೂತ್ ಇಯರ್‌ಫೋನ್ ಹಾಕಿ ನುಡಿಸಿದರೆ ಆಗದಾ ಅಂತಲೂ ಮಕ್ಕಳು ಕೇಳುತ್ತಾರೆ. ಆಗುವುದಿಲ್ಲ. ತಂತಿ ಮೀಟಿದ ಮೇಲೆ ದನಿ ಬರುವುದು ತಡವಾಗಿ ತಾಳ ತಪ್ಪುತ್ತದೆ. ವೈರ್ ಇರುವ ಹೆಡ್‌ಫೋನೇ ಬೇಕು.

ಕರೆಂಟಿನ ವಿಷಯ ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ಮಳೆಗಾಲ, ಒದ್ದೆ ನೆಲದ ಚಪ್ಪರದಲ್ಲಿ, ಗಿಟಾರ್ ಹಿಡಿದುಕೊಂಡೇ ಮೈಕಿಗೆ ಬಾಯಿ ಕೊಟ್ಟೆ. ತುಟಿಗೆ ಸೂಜಿ ಚುಚ್ಚಿದ ಹಾಗಾಗಿ ಹಿಂದಕ್ಕೆ ಬಿದ್ದೆ. ಗಿಟಾರಿನ ತಂತಿ ಆಂಪಿನ ಮೈಗೆ ಸೇರಿರುತ್ತದೆ, ಮೈಕ್ ಮಿಕ್ಸರಿನ ಮೈಗೆ. ಎರಡರಲ್ಲಿ ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ ನಡುವೆ ಸಿಕ್ಕಿಕೊಳ್ಳುವುದು ನಮ್ಮ ದೇಹ. ಆ ದಿನ ಯಾರೋ ಮೂರನೇ ಪಿನ್ನಿನ ವೈರ್ ಕತ್ತರಿಸಿಟ್ಟಿದ್ದರು. ಮಗಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ: ಗಿಟಾರಿಗೂ ಮೈಕಿಗೂ ಒಂದೇ ಬೋರ್ಡಿನಿಂದ ಕರೆಂಟ್, ಮೂರು ಪಿನ್, ಸಾಧ್ಯವಾದರೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿದುಬಿಡುವ ಸ್ವಿಚ್. ಹಳೇ ವಾಲ್ವ್ ಆಂಪ್ ಸಿಕ್ಕಿದರೆ ಅದನ್ನು ಬಿಚ್ಚಲೇಬಾರದು. ಒಳಗೆ 400 ವೋಲ್ಟ್, ಕೆಲವದರಲ್ಲಿ ಅದಕ್ಕೂ ಜಾಸ್ತಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು.

ವೋಲ್ಟೇಜ್ ಅಂದಾಗ ನೆನಪಾಯಿತು. ನಮ್ಮ ಕಡೆ ಸಂಜೆ ಹೊತ್ತಿಗೆ ಬಲ್ಬು ಮಿಣುಕುತ್ತಿದ್ದ ಕಾಲ ಇತ್ತಲ್ವಾ? ಆಗ ನನ್ನ ಆಂಪ್ ಬರೀ ಗುಂಯ್ ಅನ್ನುತ್ತಿತ್ತು. ಈಗಿನ ಡಬ್ಬಿಗಳ ಅಡಾಪ್ಟರಿನ ಮೇಲೆ ಹೆಚ್ಚಾಗಿ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಅವಕ್ಕೆ ಆ ತೊಂದರೆ ಇಲ್ಲ. ಗಲ್ಫಿನಿಂದ ಯಾರಾದರೂ ತಂದುಕೊಡುವುದಾದರೂ ಆ ಬರಹ ನೋಡಿಯೇ ಚುಚ್ಚಿ. ಬರೀ 110 ಅಂತಿದ್ದರೆ ನಮ್ಮ 230ಕ್ಕೆ ಸುಟ್ಟುಹೋಗುತ್ತದೆ.

ಒಂದು ಬೇಸರ ಮಾತ್ರ ನನಗಿದೆ. ಹಲಸಿನ ಪೆಟ್ಟಿಗೆ ಹಾಳಾದಾಗ ಸಂಜೆಯೊಳಗೆ ರಿಪೇರಿ ಆಗುತ್ತಿತ್ತು. ಡಬ್ಬಿಯ ಚಿಪ್ ಹೋದರೆ ನಮ್ಮ ಊರಿನಲ್ಲಿ ಯಾರೂ ಮುಟ್ಟುವುದಿಲ್ಲ. ಸರ್ವಿಸ್ ಎಲ್ಲಿ ಅಂತ ಕೇಳಿಯೇ ದುಡ್ಡು ಕೊಡಿ.

ನಿಮ್ಮ ಮಗಳಿಗೆ ಏನು ತೆಗೆದುಕೊಡುವುದು? ಸ್ಟೇಜಿಗೆ ಇನ್ನೂ ಸಮಯ ಇದೆ. 5ರಿಂದ 20 ವಾಟಿನ, ಹೆಡ್‌ಫೋನ್ ತೂತು ಇರುವ, ಸಣ್ಣ ಮಾಡೆಲಿಂಗ್ ಆಂಪ್ ತೆಗೆದುಕೊಡಿ. ಅಂದರೆ ಡಬ್ಬಿಯ ಕಂಪ್ಯೂಟರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ ಆಂಪ್. ಪ್ರೊಸೆಸರಿಗೆ ಸ್ಪೀಕರ್ ಬೇರೆ ಬೇಕಾಗುತ್ತದೆ. ಸಣ್ಣ ಆಂಪಾದರೆ ಸ್ವಿಚ್ ಹಾಕಿದ ಕೂಡಲೇ ನುಡಿಸಬಹುದು. ಕಲಿಯುವವರಿಗೆ ಅದು ದೊಡ್ಡ ಅನುಕೂಲ, ಮೆನು ತಿರುಗಿಸುತ್ತ ಕೂತರೆ ಅಭ್ಯಾಸದ ಅರ್ಧ ಗಂಟೆ ಸುಮ್ನೆ ಹೋಗುತ್ತದೆ. ಕಾರ್ಯಕ್ರಮಕ್ಕೆ ಕರೆ ಬಂದಾಗ ಪ್ರೊಸೆಸರ್ ನೋಡೋಣ.

ಮಂಗಳೂರಿಗೆ ಅಂಗಡಿಗೆ ಹೋಗುವಾಗ ಅವಳ ಗಿಟಾರನ್ನೂ ಕೊಂಡುಹೋಗಿ. ಅಂಗಡಿಯವರು ನುಡಿಸಿ ತೋರಿಸುವುದು ಬೇಡ, ಅವಳೇ ನುಡಿಸಲಿ. ಒಂದೇ ತಂತಿಯನ್ನು ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಮೀಟಲಿ. ಬರೀ ಜೋರಾದರೆ ಇನ್ನೊಂದನ್ನು ನೋಡಿ. ಬೆರಳಿನ ಜತೆಗೆ ದನಿಯ ಬಣ್ಣವೂ ಬದಲಾದರೆ ಅದನ್ನೇ ತನ್ನಿ.