ವಾಲ್ವ್ ಮುಚ್ಚಿದರೆ ನೀರು ನಿಲ್ಲುತ್ತದೆ, ಬಿಸಿಲು ನಿಲ್ಲುವುದಿಲ್ಲ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕೋಲಾರದ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಬಚ್ಚಲುಮನೆಯ ಗೋಡೆಯೊಳಗೆ ಬಿಸಿನೀರಿನ ಪೈಪು ಬಿರಿದು ನೀರು ಹಜಾರಕ್ಕೆ ಹರಿಯುತ್ತಿತ್ತು. "ತಾರಸಿಯ ಮೇಲೆ ನಾಲ್ಕು ವಾಲ್ವ್ ಇವೆಯಪ್ಪಾ, ಯಾವುದನ್ನು ಮುಚ್ಚಲಿ?" ನಾನು ಬಂಗಾರಪೇಟೆಯಲ್ಲಿ ಇನ್ನೊಂದು ಕೆಲಸದಲ್ಲಿದ್ದೆ. "ದೊಡ್ಡ ಟ್ಯಾಂಕಿನಿಂದ ಸೋಲಾರ್ ಟ್ಯಾಂಕಿನ ಬುಡಕ್ಕೆ ತಣ್ಣೀರು ಹೋಗುವ ಪೈಪಿನಲ್ಲಿ ಇರುವುದನ್ನು ಮುಚ್ಚಿ ಸಾರ್" ಎಂದೆ. ಅವರು ಚಕ್ರ ತಿರುಗಿಸಿದರು, ಅಲ್ಲಾಡಲಿಲ್ಲ. ಪಕ್ಕದ ಮನೆಯ ಹುಡುಗ ಪೈಪ್ ರೆಂಚ್ ತಂದು ಬಲ ಹಾಕಿದ. ಚಕ್ರ ಕಡ್ಡಿಯ ಸಮೇತ ಮುರಿದು ಕೈಗೆ ಬಂತು. ಎರಡು ದಿನಗಳ ಹಿಂದೆ ಟ್ಯಾಂಕರ್ ತರಿಸಿ ತುಂಬಿಸಿದ್ದ ನೀರು ಸಂಜೆಯ ಹೊತ್ತಿಗೆ ಖಾಲಿಯಾಗಿತ್ತು.

ಆ ವಾಲ್ವನ್ನು ಹಾಕಿದ ದಿನದಿಂದ ಯಾರೂ ಮುಟ್ಟಿರಲಿಲ್ಲ. ಹಿತ್ತಾಳೆಯ ಗೇಟ್ ವಾಲ್ವಿನೊಳಗೆ ಒಂದು ಬಿಲ್ಲೆ ಮೇಲಿನಿಂದ ಇಳಿದು ತಳದ ಕಚ್ಚಿನಲ್ಲಿ ಕೂತು ನೀರನ್ನು ತಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಹೊಸತಲ್ಲ. ಅಷ್ಟು ಆಳದಿಂದ ಬರುವ ಗಡಸು ನೀರು ಸುಣ್ಣದ ಅಂಶವನ್ನು ಹೊತ್ತೇ ಬರುತ್ತದೆ. ಇಂಥ ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ಬೇರೆಯಾಗಿ ಬಿಳಿ ಪದರವಾಗಿ ಕಟ್ಟುತ್ತದೆ. ಬಿಸಿನೀರಿನ ಕಡೆಯ ವಾಲ್ವ್‌ಗಳು ಬೇಗ ಹಿಡಿದುಕೊಳ್ಳುವುದು ಇದಕ್ಕೇ; ವರ್ಷಗಟ್ಟಲೆ ಮುಟ್ಟದಿದ್ದರೆ, ಮೇಷ್ಟ್ರ ಮನೆಯದರಂತೆ, ತಣ್ಣೀರಿನವೂ ನಿಧಾನಕ್ಕೆ ಹಿಡಿಯುತ್ತವೆ. ಬಿಲ್ಲೆಗೂ ಕಚ್ಚಿಗೂ ನಡುವೆ ಆ ಪದರ ಕೂತ ಮೇಲೆ ಚಕ್ರಕ್ಕೆ ಬಲ ಹಾಕಿದರೆ ಸೋಲುವುದು ಸುಣ್ಣವಲ್ಲ, ನಡುವಿನ ತೆಳು ಕಡ್ಡಿ.

ಹಿಡಿದುಕೊಂಡ ಚಕ್ರವನ್ನು ಒಂದೇ ದಿಕ್ಕಿಗೆ ಜಗ್ಗಬೇಡಿ. ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ, ಕೈಬಲದಿಂದ ಮಾತ್ರ. ಪ್ರತಿ ಸಲವೂ ಸ್ವಲ್ಪ ಪದರ ಉದುರುತ್ತದೆ. ಹತ್ತು ನಿಮಿಷ ತಾಳ್ಮೆಯಿಂದ ಹೀಗೆ ಆಡಿಸಿದಾಗ ಎಷ್ಟೋ ವಾಲ್ವ್‌ಗಳು ದಾರಿಗೆ ಬಂದಿವೆ. ಆಗಲೂ ಜಗ್ಗದಿದ್ದರೆ ಅದನ್ನು ಬಿಟ್ಟು ದೊಡ್ಡ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಹಳೆಯ ಪಂಚೆಯ ತುಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ, ಅದಕ್ಕೊಂದು ಗಟ್ಟಿ ದಾರ ಕಟ್ಟಿ, ನೀರು ಹೊರಹೋಗುವ ತೂತಿಗೆ ಒಳಗಿನಿಂದ ಒತ್ತಿ. ದಾರದ ಇನ್ನೊಂದು ತುದಿ ಟ್ಯಾಂಕಿನ ಹೊರಗೆ ಇರಲಿ, ಇಲ್ಲದಿದ್ದರೆ ಉಂಡೆ ಪೈಪಿನೊಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಮೇಷ್ಟ್ರಿಗೆ ಈ ಮಾತನ್ನು ನಾನು ಫೋನಿನಲ್ಲಿಯೇ ಹೇಳಬೇಕಿತ್ತು. ಹೇಳಿದ್ದರೆ ಅವರ ನೀರು ಉಳಿಯುತ್ತಿತ್ತು ಎಂಬ ಸಂಕಟ ನನಗೆ ಈಗಲೂ ಇದೆ.

ಬಿಸಿನೀರು ಸೋರಿದರೆ ತಣ್ಣೀರಿನ ವಾಲ್ವ್ ಏಕೆ ಮುಚ್ಚಬೇಕು ಎಂದು ಬಹಳ ಮಂದಿ ಕೇಳುತ್ತಾರೆ. ಸೋಲಾರ್ ಟ್ಯಾಂಕಿನ ಬಿಸಿನೀರು ತಾನಾಗಿ ಕೆಳಗಿಳಿಯುವುದಿಲ್ಲ. ಬುಡದಿಂದ ನುಗ್ಗುವ ತಣ್ಣೀರು ಅದನ್ನು ನೆತ್ತಿಯ ಪೈಪಿಗೆ ತಳ್ಳುತ್ತದೆ. ತಳ್ಳುವವನನ್ನು ತಡೆದರೆ ಸ್ವಲ್ಪ ಹೊತ್ತಿನಲ್ಲಿ ಬಿಸಿನೀರೂ ನಿಲ್ಲುತ್ತದೆ, ಟ್ಯಾಂಕು ಮಾತ್ರ ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ಆಮೇಲೂ ನಲ್ಲಿಯಲ್ಲಿ ನೀರು ಬರುತ್ತಿದ್ದರೆ ಬಚ್ಚಲಿನ ಮಿಕ್ಸರ್ ನೋಡಿ. ಅದರ ಎರಡೂ ಕಡೆ ತೆರೆದಿದ್ದು ಕೈಶವರ್ ಮುಚ್ಚಿದ್ದರೆ ತಣ್ಣೀರು ಅದರ ಮೂಲಕವೇ ಬಿಸಿನೀರಿನ ಪೈಪಿಗೆ ದಾಟುತ್ತದೆ. ವಾಲ್ವ್ ಕೆಟ್ಟಿದೆ ಎಂದು ಕರೆಸಿಕೊಂಡ ಎಷ್ಟೋ ಮನೆಗಳಲ್ಲಿ ನಾನು ಮಾಡಿದ್ದು ಮಿಕ್ಸರ್ ಮುಚ್ಚಿದ್ದಷ್ಟೇ.

ಪೈಪ್ ರಿಪೇರಿಯಾದ ದಿನ ಮೇಷ್ಟ್ರು ಇಂಗ್ಲೆಂಡಿನಲ್ಲಿರುವ ಮಗಳನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿದರು. ಆಕೆಯದು ಹಳೆಯ ಮನೆ, ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗೆ ಕೈಯಿಂದ ತಿರುಗಿಸುವ ವಾಲ್ವ್‌ಗಳು ಮಾತ್ರ. ಗೋಡೆಗೆ ಬಣ್ಣ ಬಳಿಯಲು ಅದನ್ನು ಕಳಚಬೇಕು. "ಚಕ್ರ ಮುಚ್ಚಿದ್ದೇನೆ ಅಣ್ಣಾ, ತಣ್ಣಗಾಗಿದೆ, ಬಿಚ್ಚಬಹುದೇ?" ಬೇಡ ಎಂದೆ. ಒಂದು ಕಡೆ ಮುಚ್ಚಿದರೆ ಹರಿವು ನಿಂತು ಬಿಸಿ ನಿಲ್ಲುತ್ತದೆ ನಿಜ, ಆದರೆ ಇನ್ನೊಂದು ತುದಿಯಿಂದ ನೀರು ಬರಲು ದಾರಿ ಇದ್ದೇ ಇರುತ್ತದೆ. ಆ ತುದಿಯಲ್ಲಿ ಪ್ಲಾಸ್ಟಿಕ್ ಟೊಪ್ಪಿಗೆಯ ಕೆಳಗೆ ಸ್ಪ್ಯಾನರ್‌ನಿಂದ ತಿರುಗಿಸುವ ಇನ್ನೊಂದು ವಾಲ್ವ್ ಇರುತ್ತದೆ. ಅದನ್ನೂ ಮುಚ್ಚಬೇಕು, ಎಷ್ಟು ಸುತ್ತಿಗೆ ಮುಚ್ಚಿತು ಎಂದು ಬರೆದಿಡಬೇಕು, ಮತ್ತೆ ಅಷ್ಟೇ ಸುತ್ತು ತೆರೆಯಬೇಕು. ಇಲ್ಲವಾದರೆ ಬೇರೆ ಕೋಣೆಗಳಿಗೆ ಹೋಗುವ ಬಿಸಿಯ ಲೆಕ್ಕ ತಪ್ಪುತ್ತದೆ. ಎರಡೂ ಮುಚ್ಚಿದ ಮೇಲೂ ಒಳಗೆ ಉಳಿದ ನೀರಿಗೆ ಕೆಳಗೊಂದು ಪಾತ್ರೆ ಇಡಬೇಕು.

ಅಲ್ಲಿ ಬಿಸಿ ನಿಂತರೂ ನೀರು ಇರುತ್ತದೆ. ನಮ್ಮ ತಾರಸಿಯ ಮೇಲೆ ನೀರು ನಿಂತರೂ ಬಿಸಿ ಏರುತ್ತಲೇ ಇರುತ್ತದೆ, ಅಪಾಯ ಇರುವುದು ಇಲ್ಲಿ. ಊರಿಗೆ ಹೊರಡುವಾಗ ಸೋಲಾರ್ ವಾಲ್ವ್ ಮುಚ್ಚಿ ಹೋಗುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗಿನ ನೀರು ಕುದಿದು, ನೆತ್ತಿಯ ಏರ್ ವೆಂಟ್ ಪೈಪಿನಿಂದ ಆವಿಯಾಗಿ ಹೋಗುತ್ತಾ ಮಟ್ಟ ಇಳಿಯುತ್ತದೆ. ಗಾಜಿನ ಕೊಳವೆಗಳ ಸೋಲಾರ್ ಆದರೆ ಬರಿದಾದ ಕೊಳವೆಗಳು ಬಿಸಿಲಿಗೆ ಕಾಯುತ್ತವೆ. ನೀವು ಮರಳಿ ಬಂದು ಮಧ್ಯಾಹ್ನ ವಾಲ್ವ್ ತೆರೆದರೆ ತಣ್ಣೀರು ತಗಲಿ ಗಾಜು ಸೀಳುತ್ತದೆ. ಪ್ರಯಾಣಕ್ಕೆ ಹೋಗುವವರು ವಾಲ್ವ್ ತೆರೆದೇ ಇಡಲಿ, ಕೊಳವೆಗಳ ಮೇಲೆ ಗೋಣಿಚೀಲ ಹೊದಿಸಿ ಗಾಳಿಗೆ ಹಾರದಂತೆ ಕಟ್ಟಲಿ. ನೀರು ತೊಟ್ಟಿಕ್ಕುತ್ತದೆ ಎಂದು ವೆಂಟ್ ಪೈಪಿನ ಬಾಯಿಗೆ ಬಿರಡೆ ಹಾಕಿದ ಮನೆಗಳನ್ನು ಕಂಡಿದ್ದೇನೆ. ಆವಿಗೆ ಹೊರದಾರಿ ಇಲ್ಲದಿದ್ದರೆ ಟ್ಯಾಂಕೇ ಉಬ್ಬಿ ಒಡೆಯಬಹುದು.

ಸೋರಿಕೆ ಸೋಲಾರ್ ಟ್ಯಾಂಕಿನಲ್ಲೇ ಇದ್ದರೆ ಖಾಲಿ ಮಾಡುವುದು, ತುಂಬುವುದು ಎರಡೂ ಸೂರ್ಯ ಹುಟ್ಟುವ ಮುನ್ನ. ಆ ಹೊತ್ತಿನಲ್ಲೂ ಒಳಗಿನ ನೀರು ಮೈ ಸುಡುವಷ್ಟು ಬಿಸಿ ಇರಬಹುದು, 60 ಡಿಗ್ರಿಯ ನೀರಿಗೆ ಚರ್ಮ ಬೇಯಿಸಲು ಕೆಲವೇ ಸೆಕೆಂಡು ಸಾಕು. ಮಕ್ಕಳನ್ನು ತಾರಸಿಗೆ ಬಿಡಬೇಡಿ.

ಗೀಸರ್ ವಿಷಯ ಸುಲಭ: ಮೊದಲು ಸ್ವಿಚ್, ಆಮೇಲೆ ವಾಲ್ವ್. 25 ಲೀಟರಿನ ಗೀಸರ್ ಕಾಯುವಾಗ ನೀರು ಹಿಗ್ಗಿ ಕಾಲು ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಸೇಫ್ಟಿ ವಾಲ್ವಿನಿಂದ ಆಗ ತೊಟ್ಟಿಕ್ಕುವುದು ಆ ನೀರೇ, ಅದನ್ನು ಎಂದಿಗೂ ಕಟ್ಟಬೇಡಿ.

ಮೇಷ್ಟ್ರ ಮನೆಗೆ ಈಗ ಗೇಟ್ ವಾಲ್ವ್ ಬದಲು ಬಾಲ್ ವಾಲ್ವ್ ಹಾಕಿದ್ದೇನೆ. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ; ಕಾಲು ಸುತ್ತಿನ ಕೆಲಸ. ಸೋಲಾರಿಗೆ ಹೋಗುವ ತಣ್ಣೀರಿನ ಹಿಡಿಗೆ ನೀಲಿ, ಬಿಸಿನೀರಿನದಕ್ಕೆ ಕೆಂಪು, ಅಡುಗೆಮನೆಯದಕ್ಕೆ ಹಸಿರು, ತೋಟದ್ದಕ್ಕೆ ಬಿಳಿ ಬಣ್ಣ ಬಳಿದದ್ದು ಮೇಷ್ಟ್ರೇ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಮೇಲೆ ಹತ್ತಿ ನಾಲ್ಕನ್ನೂ ಒಂದೊಂದು ಸಲ ಮುಚ್ಚಿ ತೆರೆಯುತ್ತಾರೆ.